ಇಬ್ಬರನ್ನು ಊರಿಗೆ ಕಳಿಸಿದ ಮಾರ್ಚ್ ತಿಂಗಳು

ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ನಮ್ಮೂರಿನವರು ನಂಬಿದ್ದಾರೆ. ಹಾಗಾಗಿ ನಾನು ಇಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಖಜಾಂಚಿ. ಒಂದು ಗೋಲೂ ಹೊಡೆಯದೆ ಹನ್ನೊಂದು ವರ್ಷ ಕ್ಲಬ್ಬಿನಲ್ಲಿ ಉಳಿದವನು ನಾನೊಬ್ಬನೇ.

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕ್ಲಬ್. ಮೈದಾನದ ಒಂದು ಕಡೆ ಕಾಫಿ ತೋಟದ ಬೇಲಿ, ಇನ್ನೊಂದು ಕಡೆ ಹೊಳೆ. ಬೇಲಿ ದಾಟಿದ ಬಾಲು ವಾಪಸ್ ಸಿಗುತ್ತದೆ. ಹೊಳೆಗೆ ಬಿದ್ದದ್ದು ಕಾವೇರಿ ಪಾಲು. ತೋಟದೊಳಗೆ ಆನೆ ಇದೆ ಎಂದು ಸುದ್ದಿ ಬಂದ ದಿನ ಮಾತ್ರ ಬೇಲಿ ದಾಟಿದ ಬಾಲನ್ನೂ ಯಾರೂ ಕೇಳುವುದಿಲ್ಲ.

ಕೊಡಗು ಅಂದರೆ ಹಾಕಿ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಸಿದ್ದಾಪುರ, ನೆಲ್ಲಿಹುದಿಕೇರಿ, ಪಾಲಿಬೆಟ್ಟ, ಸುಂಟಿಕೊಪ್ಪದ ಕಡೆ ಸಂಜೆ ಐದು ಗಂಟೆಗೆ ಬಂದು ನೋಡಿ. ತೋಟದ ಕೆಲಸಗಾರರ ಲೈನ್‌ಮನೆ ಹುಡುಗರು ಬರಿಗಾಲಲ್ಲಿ ಆಡುವುದು ಫುಟ್‌ಬಾಲ್. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಕಣ್ಣೂರು. ಅಲ್ಲಿಂದ ಮಲಪ್ಪುರಂವರೆಗೂ ಸೆವೆನ್ಸ್ ಹುಚ್ಚು. ಮಳೆ ಬಿಟ್ಟ ಮೇಲೆ ಶುರುವಾದರೆ ಮೇ ತಿಂಗಳವರೆಗೆ ಗ್ಯಾಲರಿ ಕಟ್ಟಿ, ಲೈಟು ಹಾಕಿ, ಟಿಕೆಟ್ ಇಟ್ಟು ಆಡಿಸುತ್ತಾರೆ. ಒಂದು ಕಡೆಗೆ ಏಳೇ ಜನ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಲೆಕ್ಕಕ್ಕೆ ಈ ಆಟ ಸೇರುವುದಿಲ್ಲ. ಜನಕ್ಕೆ ಆ ಚಿಂತೆ ಇಲ್ಲ. ಅಲ್ಲಿನ ತಂಡಗಳಲ್ಲಿ ನೈಜೀರಿಯಾ, ಘಾನಾ, ಐವರಿ ಕೋಸ್ಟ್, ಲೈಬೀರಿಯಾದ ಆಟಗಾರರು ವರ್ಷಗಳಿಂದ ಆಡುತ್ತಿದ್ದಾರೆ. ಆಫ್ರಿಕಾದ ಯಾವ ದೇಶದವನಾದರೂ ಮಲಬಾರಿನ ಜನರ ಬಾಯಲ್ಲಿ ಅವನು 'ಸುಡಾನಿ'. ಆ ಗಾಳಿ ಘಾಟಿ ಹತ್ತಿ ನಮ್ಮ ಕಡೆಗೂ ಬಂತು.

2017ರಲ್ಲಿ ಪಕ್ಕದ ಊರಿನ ತಂಡದ ಎದುರು 5–0 ಸೋತೆವು. ಅದರಲ್ಲಿ ನಾಲ್ಕು ಗೋಲು ಒಬ್ಬನೇ ಸುಡಾನಿ ಹೊಡೆದದ್ದು. ಮರುವಾರವೇ ನಮ್ಮ ಕಾರ್ಯದರ್ಶಿ ಘಾಟಿ ಇಳಿದು ಒಬ್ಬ ಏಜೆಂಟನನ್ನು ಹಿಡಿದುಕೊಂಡು ಬಂದರು. ಲೆಟರ್‌ಹೆಡ್ಡಿನಲ್ಲಿ ಅದಕ್ಕೆ 'ವಿದೇಶಿ ಆಟಗಾರರ ಆಯ್ಕೆ ಯೋಜನೆ' ಎಂದು ಹೆಸರಿಟ್ಟೆವು. ಯೋಜನೆ ಎಂಥದು ಮಣ್ಣು! ಏಜೆಂಟ್ ವಾಟ್ಸ್‌ಆಪ್‌ನಲ್ಲಿ ವಿಡಿಯೊ ಕಳಿಸುತ್ತಿದ್ದ, ನಾವು ಆಯಿತು ಅನ್ನುತ್ತಿದ್ದೆವು. ಸೀಸನ್ನಿಗೆ ಇಬ್ಬರು. ಪಂದ್ಯಕ್ಕೆ 2,500 ರೂಪಾಯಿ, ಊಟ, ರೂಮು. ಏಜೆಂಟನಿಗೆ ಬೇರೆ 40,000 ಮುಂಗಡ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಆ ವರ್ಷ ಟೂರ್ನಿಗಳೇ ಕಡಿಮೆ. 2019ರಲ್ಲಿ ಕರಡಿಗೋಡು, ಗುಹ್ಯದ ಕಡೆ ಹೊಳೆ ನುಗ್ಗಿ ನಮ್ಮ ಇಬ್ಬರು ಹುಡುಗರ ಮನೆಯೇ ಹೋಯಿತು. ಆಮೇಲೆ ಕೋವಿಡ್. 2022ರಲ್ಲಿ ಮತ್ತೆ ಶುರು ಮಾಡಿದೆವು. ಇಷ್ಟರ ನಡುವೆ ಮೂರು ಕಪ್ ಗೆದ್ದೆವು. ಮೂರೂ ನನ್ನ ಅಂಗಡಿಯಲ್ಲಿ ಪೇಂಟ್ ಡಬ್ಬಗಳ ಪಕ್ಕ ಇವೆ. ಗಿರಾಕಿಗಳು ಬೆಲೆ ಕೇಳುತ್ತಾರೆ.

ಕೊನೆಯ ಸೀಸನ್ನಿಗೆ ಬಂದ ಇಬ್ಬರ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬ ಐವರಿ ಕೋಸ್ಟಿನ ಅಬಿಜಾನ್‌ನವನು. ಅವನದು ಫ್ರೆಂಚ್, ಮಾತು ಕಡಿಮೆ. ಇನ್ನೊಬ್ಬ ಘಾನಾದವನು. ಅಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿ ಇದೆ. ಶುಕ್ರವಾರ ಹುಟ್ಟಿದ ಗಂಡು ಮಗುವಿಗೆ 'ಕೋಫಿ' ಎನ್ನುತ್ತಾರೆ. ನಮ್ಮವನು ಶುಕ್ರವಾರವೇ ಹುಟ್ಟಿದವನು. ಕಾಫಿ ಸೀಮೆಯಲ್ಲಿ ಅವನ ಪಾಡು ಏನಾಯಿತು ಎಂದು ನೀವೇ ಊಹಿಸಿಕೊಳ್ಳಿ. ಗ್ಯಾಲರಿಯಿಂದ "ಸ್ಟ್ರಾಂಗ್ ಕಾಫಿ!" "ಫಿಲ್ಟರ್ ಕಾಫಿ!" ಎಂದು ಕೂಗುತ್ತಿದ್ದರು. ಮೊದಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಗೋಲು ಹೊಡೆದಾಗಲೆಲ್ಲ ಲೋಟ ಎತ್ತಿ ಕುಡಿದ ಹಾಗೆ ಮಾಡುತ್ತಿದ್ದ.

ಕ್ಲಬ್ಬಿನ ಹಿಂದಿನ ಒಂದು ಹಳೇ ಲೈನ್‌ಮನೆಯಲ್ಲಿ ಅವರ ವಾಸ. ಜನವರಿ ಚಳಿಗೆ ಇಬ್ಬರೂ ಎರಡೆರಡು ಸ್ವೆಟರ್ ಹಾಕಿಕೊಂಡು ಬಿಸಿಲು ಬರುವವರೆಗೆ ಗೋಡೆಗೆ ಒರಗಿ ಕೂರುತ್ತಿದ್ದರು. ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆದೆ. ಪಕ್ಕದ ಮನೆಯವರು ಕಡಂಬುಟ್ಟು, ಪಂದಿಕರಿ ಕಳಿಸಿದ್ದರು. ಘಾನಾದವನು ಕಡಂಬುಟ್ಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಅವನ ಊರಿನಲ್ಲೂ ಅನ್ನ ಮಿದ್ದು ಉಂಡೆ ಕಟ್ಟಿ ಸಾರಿನೊಳಗೆ ಇಡುತ್ತಾರಂತೆ, ಹೆಸರು ಓಮೊ ತುವೊ, ಅದೂ ಭಾನುವಾರದ ಊಟವಂತೆ. ಒಂಬತ್ತು ಉಂಡೆ ತಿಂದ. ನನ್ನ ಹೆಂಡತಿ ಎಣಿಸಿದ್ದಳು.

ಊಟ ಆದ ಮೇಲೆ ಕಣದ ಕಡೆ ಕರೆದುಕೊಂಡು ಹೋದೆ. ರೊಬಸ್ಟಾ ಕಾಫಿ ಒಣಗಲು ಹಾಕಿದ್ದರು. ಅವನು ಚಪ್ಪಲಿ ಬಿಟ್ಟು ಇಳಿದು ಕಾಲಿನಲ್ಲೇ ಸಾಲು ಎಳೆಯಲು ಶುರು ಮಾಡಿದ. ಅವನ ಅಪ್ಪನದು ಕೋಕೋ ತೋಟ. ಕೋಕೋ ಬೀಜವನ್ನು ಬಾಳೆ ಎಲೆ ಮುಚ್ಚಿ ಐದಾರು ದಿನ ಹುಳಿಸಿ, ಆಮೇಲೆ ಬಿದಿರಿನ ಚಾಪೆ ಮೇಲೆ ಒಣಗಿಸುತ್ತಾರಂತೆ. ಅಲ್ಲೂ ಮರದ ನೆರಳು ಬೇಕು, ಅಲ್ಲೂ ಮಳೆ ಬಂದರೆ ಓಡಿ ಮುಚ್ಚಬೇಕು. "ಇದು ಆಟಕ್ಕಿಂತ ಕಷ್ಟ, ಅದಕ್ಕೇ ನಾನು ಆಟಕ್ಕೆ ಬಂದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ.

2024ರ ಫೆಬ್ರವರಿ ಕೊನೆಯಲ್ಲಿ ಠಾಣೆಯಿಂದ ಇಬ್ಬರು ಬಂದರು. ಜೋರು ಏನೂ ಇಲ್ಲ, ಕುರ್ಚಿ ಹಾಕಿಕೊಂಡು ಕೂತು ಕೇಳಿದರು. "ಫಾರ್ಮ್ ಸಿ ಹಾಕಿದ್ದೀರಾ?"

ಫಾರ್ಮ್ ಸಿ ಅಂದರೆ ಏನು ಎಂದು ನನಗೆ ಗೊತ್ತಿರಲಿಲ್ಲ. ಏಳು ವರ್ಷ ಹೊರದೇಶದವರಿಗೆ ರೂಮು ಕೊಟ್ಟವನು ನಾನು! ಹೊರದೇಶದವರನ್ನು ಯಾರೇ ಮನೆಯಲ್ಲಿ, ಲಾಡ್ಜಿನಲ್ಲಿ, ಹೋಂಸ್ಟೇಯಲ್ಲಿ ಇಟ್ಟುಕೊಂಡರೂ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಜಿಲ್ಲೆಯಲ್ಲಿ ಇದನ್ನೆಲ್ಲ ನೋಡುವವರು ಮಡಿಕೇರಿಯ ಎಸ್‌ಪಿ. ಹೋಂಸ್ಟೇ ನಡೆಸುವ ನನ್ನ ಭಾವನಿಗೆ ಇದೆಲ್ಲ ಬಾಯಿಪಾಠ. ನಾವು ಮಾತ್ರ ಆಟದ ಕ್ಲಬ್ ತಾನೇ ಎಂದು ಸುಮ್ನೆ ಇದ್ದೆವು.

ಅವತ್ತು ರಾತ್ರಿ ಮೊದಲ ಸಲ ಘಾನಾದವನ ಪಾಸ್‌ಪೋರ್ಟ್ ಬಿಚ್ಚಿ ನೋಡಿದೆ. ಒಳಗೊಂದು ಹಳದಿ ಪುಸ್ತಕ ಇತ್ತು. "ಇದೇನು, ರೆಫರಿ ಮನೆಗೂ ಕಳಿಸಿದನಾ?" ಅಂದೆ. ಅದು ಯೆಲ್ಲೋ ಫೀವರ್ ಲಸಿಕೆಯ ಕಾರ್ಡು. ಆ ಕಡೆಯ ದೇಶಗಳಿಂದ ಬರುವವರ ಹತ್ತಿರ ಅದಿಲ್ಲದಿದ್ದರೆ ಏರ್‌ಪೋರ್ಟಿನಿಂದ ಸೀದಾ ಕ್ವಾರಂಟೈನ್. ನಗು ಅಲ್ಲಿಗೆ ನಿಂತಿತು, ಯಾಕೆಂದರೆ ಮುಂದಿನ ಪುಟದಲ್ಲಿ ವೀಸಾ ಇತ್ತು. ಟೂರಿಸ್ಟ್ ವೀಸಾ.

ವಿರಾಜಪೇಟೆಯ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಅರ್ಧ ಗಂಟೆಯಲ್ಲಿ ನಮ್ಮ ಏಳು ವರ್ಷದ ಯೋಜನೆಯನ್ನು ಬಿಚ್ಚಿಟ್ಟರು. ಟೂರಿಸ್ಟ್ ವೀಸಾದಲ್ಲಿ ಬಂದವನು ದುಡ್ಡು ತೆಗೆದುಕೊಂಡು ಆಡುವ ಹಾಗಿಲ್ಲ. ಕ್ಲಬ್ಬಿನ ಜೊತೆ ಕರಾರು ಮಾಡಿಕೊಂಡು ಆಡಬೇಕಾದರೆ ಉದ್ಯೋಗ ವೀಸಾ ಬೇಕು. ಅದಕ್ಕೆ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಸಂಬಳ ತೋರಿಸಬೇಕು. 180 ದಿನಕ್ಕಿಂತ ಉದ್ದದ ವೀಸಾ ಆದರೆ ಬಂದ 14 ದಿನದೊಳಗೆ ನೋಂದಣಿ. ವೀಸಾದ ಷರತ್ತು ಮುರಿದರೆ ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇತ್ತು.

"ನಿಮ್ಮ ಟೂರ್ನಿಯ ಮೊದಲ ಬಹುಮಾನ ಎಷ್ಟು?" ವಕೀಲರು ಕೇಳಿದರು.

"ಒಂದು ಲಕ್ಷ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆ ಭಾನುವಾರ ಸಭೆ. ಅಷ್ಟು ಜನ ಯಾವ ಸಭೆಗೂ ಬಂದದ್ದಿಲ್ಲ. ವಿಚಿತ್ರ ನೋಡಿ, ದುಡ್ಡಿನ ತೊಂದರೆ ಇರಲಿಲ್ಲ. ರೊಬಸ್ಟಾಗೆ ಯಾರೂ ಕಂಡಿರದ ರೇಟು ಬರುತ್ತಿದ್ದ ವರ್ಷ ಅದು. ಪ್ರತಿ ಸಲ ಜೆರ್ಸಿಗೆ ದುಡ್ಡು ಕೇಳಿದರೆ ಮುಖ ತಿರುಗಿಸುತ್ತಿದ್ದ ಬೆಳೆಗಾರರೊಬ್ಬರು ಎದ್ದು ನಿಂತು, "ಎಷ್ಟಾದರೂ ಆಗಲಿ ನಾನು ಕೊಡುತ್ತೇನೆ, ಇಬ್ಬರಲ್ಲ ಮೂವರನ್ನು ತನ್ನಿ" ಎಂದರು. ಅವರಿಗೆ 16.25 ಲಕ್ಷ ಎಂದು ಹೇಳಿದೆ. ತಲೆಗೆ ಅಷ್ಟು ಎಂದೂ ಹೇಳಿದೆ. ಕೂತುಕೊಂಡರು.

ಆಮೇಲೆ ನಮ್ಮ ಕೋಚ್ ಮಾತಾಡಿದರು. ಒಂದು ಕಾಲಕ್ಕೆ ತೋಟದಲ್ಲಿ ರೈಟರ್ ಆಗಿದ್ದವರು. ಹಾಜರಿ ಪುಸ್ತಕ ಬರೆದು ಅಭ್ಯಾಸ. ಆ ಸೀಸನ್ನಿನ ಒಂಬತ್ತು ಪಂದ್ಯದ ಹಾಜರಿ ತೆಗೆದು ಓದಿದರು. ಏಳು ಜನರಲ್ಲಿ ಇಬ್ಬರು ಹೊರದೇಶದವರು, ಮೂವರು ಕಣ್ಣೂರಿನಿಂದ ಕರೆಸಿದ ಗೆಸ್ಟುಗಳು. ನಮ್ಮೂರಿನವರು ಇಬ್ಬರು, ಅದರಲ್ಲಿ ಒಬ್ಬ ಗೋಲಿ. "ಜೆರ್ಸಿ ಒಂದೇ ನಮ್ಮದು" ಎಂದರು. ನಾಪೋಕ್ಲುವಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಹತ್ತಿರ ಬಂದಿತ್ತು. ಅದರ ಮಾತನ್ನೂ ಎತ್ತಿದರು. "360 ಕುಟುಂಬ ಹೆಸರು ಕೊಟ್ಟಿದೆ. ಅಜ್ಜಿಯೂ ಸ್ಟಿಕ್ ಹಿಡಿಯುತ್ತಾಳೆ, ಮೊಮ್ಮಗನೂ ಹಿಡಿಯುತ್ತಾನೆ. ಒಬ್ಬ ಬಾಡಿಗೆ ಆಟಗಾರ ಇದ್ದಾನಾ ಹೇಳಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಲೈನ್‌ಮನೆಯವನು, ಅವನ ಅಜ್ಜ ತಮಿಳುನಾಡಿನಿಂದ ಬಂದವರು. "ಸಾರ್, ಅವರಿಗೆ ಒಕ್ಕ ಇದೆ. ನಮಗೆ ಒಕ್ಕ ಎಲ್ಲಿದೆ?" ಅಂದ. ಒಕ್ಕ ಅಂದರೆ ಕೊಡವರ ಮನೆತನ. ಯಾರೂ ಉತ್ತರ ಕೊಡಲಿಲ್ಲ. ಈಗಲೂ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಕಾರ್ಯದರ್ಶಿಗೆ ಮಾನದ ಚಿಂತೆ. ಐಎಸ್‌ಎಲ್‌ನ, ಅಂದರೆ ಇಂಡಿಯನ್ ಸೂಪರ್ ಲೀಗಿನ ಉದಾಹರಣೆ ತಂದರು. 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಆರು ವಿದೇಶಿಯರಿಗೆ ಅವಕಾಶ ಇತ್ತು, 2017ರಲ್ಲಿ ಐದಾಯಿತು, 2021ರಿಂದ ನಾಲ್ಕು. ಕೋಲ್ಕತ್ತದ ಹಳೇ ಲೀಗ್ ಕೂಡ 2023ರಲ್ಲಿ ವಿದೇಶಿಯರಿಲ್ಲದೆ ನಡೆಯಿತು. "ನಾವೂ ಅದೇ ದಾರಿಯಲ್ಲಿ ಇದ್ದೇವೆ ಎಂದು ಹೇಳೋಣ" ಎಂದರು. ಹಾಗೇ ನಿರ್ಣಯ ಬರೆದೆವು. 'ಸ್ಥಳೀಯ ಪ್ರತಿಭೆಗಳಿಗೆ ಆದ್ಯತೆ ನೀಡುವ ಉದ್ದೇಶದಿಂದ ವಿದೇಶಿ ಆಟಗಾರರ ಆಯ್ಕೆ ಯೋಜನೆಯನ್ನು ಕೊನೆಗೊಳಿಸಲಾಗಿದೆ.' ಮರುದಿನ ಪೇಪರಿನಲ್ಲಿ ಎರಡು ಇಂಚು ಬಂತು. ಜನ ಫೋನ್ ಮಾಡಿ ಶಹಬ್ಬಾಸ್ ಎಂದರು. ನನಗೆ ಮುಜುಗರ. ಸ್ಥಳೀಯ ಪ್ರತಿಭೆ ಏಳು ವರ್ಷದಿಂದ ಬೇಲಿ ಪಕ್ಕ ನಿಂತು ಬಾಲು ಹೆಕ್ಕಿ ಕೊಡುತ್ತಿತ್ತು. ಅವತ್ತು ನಮ್ಮನ್ನು ಎಬ್ಬಿಸಿದ್ದು ಜೈಲಿನ ಭಯ.

ತಡವಾದರೂ ಫಾರ್ಮ್ ಸಿ ತುಂಬಿದೆವು. ಠಾಣೆಗೆ ಹೋಗಿ ನಮಗೆ ತಿಳಿಯದೆ ಆದದ್ದು ಎಂದು ಬರೆದುಕೊಟ್ಟೆವು, ಇವರನ್ನು ಆದಷ್ಟು ಬೇಗ ಕಳಿಸುತ್ತೇವೆ ಎಂದೂ ಬರೆದೆವು. 'ತಿಳಿಯದೆ' ಎಂಬ ಪದ ಬರೆಯುವಾಗ ನನ್ನ ಕೈ ಸ್ವಲ್ಪ ನಿಂತಿತು. ಏಳು ವರ್ಷದಲ್ಲಿ ಒಂದು ಸಲ ಕೇಳಿದ್ದರೆ ತಿಳಿಯುತ್ತಿತ್ತಲ್ವಾ?

ಆ ಇಬ್ಬರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದುಡ್ಡು ಕೊಡುವವನೇ ಹೇಳಲಿ ಎಂದರು. ಸಂಜೆ ಅವರ ರೂಮಿಗೆ ಹೋದೆ. ಘಾನಾದವನು ಬಟ್ಟೆ ಒಗೆಯುತ್ತಿದ್ದ. ಹೇಳಿದೆ. ಅವನು ನೀರು ಚೆಲ್ಲಿ, ಬಕೆಟ್ ಕವುಚಿ ಇಟ್ಟು, ಕೇಳಿದ್ದು ಒಂದೇ. "ಇನ್ನೊಂದು ಕ್ಲಬ್ ಇಲ್ಲವಾ?" ಬೇರೆ ಕ್ಲಬ್ಬಿಗೆ ಹೋದರೂ ಇದೇ ವೀಸಾ, ಇದೇ ತಪ್ಪು. ಸರಿಯಾದ ಉದ್ಯೋಗ ವೀಸಾ ಇದ್ದಿದ್ದರೂ ಅದು ಕೆಲಸ ಕೊಟ್ಟವನ ಹೆಸರಿಗೇ ಕಟ್ಟಿರುತ್ತದೆ, ಇಲ್ಲೇ ಇದ್ದುಕೊಂಡು ಬೇರೆಯವರ ಹತ್ತಿರ ಸೇರುವ ಹಾಗಿಲ್ಲ. ಇದನ್ನೆಲ್ಲ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವನ ಪ್ರಕಾರ ಏಜೆಂಟ್ ಹೇಳಿದ್ದು 'ಸ್ಪೋರ್ಟ್ಸ್ ವೀಸಾ' ಎಂದು. ಅದಕ್ಕಾಗಿ ಅಪ್ಪ ಸಾಲ ಮಾಡಿ ದುಡ್ಡು ಕೊಟ್ಟಿದ್ದರು. ನಾವು ಏಜೆಂಟನಿಗೆ ಕೊಟ್ಟದ್ದು ಬೇರೆ, ಅವನ ಅಪ್ಪ ಕೊಟ್ಟದ್ದು ಬೇರೆ. ಆ ಮನುಷ್ಯ ಎರಡೂ ಕಡೆ ಕೊಯ್ಲು ಮಾಡಿದ್ದ.

ಅಬಿಜಾನ್‌ನವನು ಫೋನಿನಲ್ಲಿ ಅನುವಾದ ಹಾಕಿ ಎಲ್ಲವನ್ನೂ ಓದಿಕೊಂಡ. ಆಮೇಲೆ ಫೋನ್ ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ಇದ್ದದ್ದು: 'ನನ್ನ ಪಾಸ್‌ಪೋರ್ಟ್ ಅವನ ಹತ್ತಿರ ಇದೆ.'

ಮರುದಿನ ಬೆಳಿಗ್ಗೆ ಕೋಚ್ ಮತ್ತು ನಾನು ಅಂಗಡಿಯ ಪಿಕಪ್ಪಿನಲ್ಲಿ ಮಾಕುಟ್ಟ ಘಾಟಿ ಇಳಿದೆವು. ಪಾಸ್‌ಪೋರ್ಟನ್ನು ಹೀಗೆ ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ, ಪೊಲೀಸಿಗೆ ಹೋಗುತ್ತೇವೆ ಅನ್ನಿ ಎಂದು ವಕೀಲರು ಹೇಳಿಕೊಟ್ಟಿದ್ದರು. ದಾರಿಯುದ್ದಕ್ಕೂ ಆ ಮಾತನ್ನೇ ಗಟ್ಟಿ ಮಾಡಿಕೊಂಡೆವು. ಏಜೆಂಟ್ ಚಹಾ ತರಿಸಿದ. ಮಾತು ಕೇಳಿಸಿಕೊಂಡ. "ಹೋಗಿ. ಯಾವ ವೀಸಾದಲ್ಲಿ ಆಡಿಸಿದಿರಿ ಎಂದೂ ಅವರಿಗೆ ಹೇಳಿ" ಅಂದ. ನಾವು ಆಗಲೇ ಬರೆದುಕೊಟ್ಟಿದ್ದೇವೆ ಎಂದು ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ವಾಪಸ್ ಬರುವಾಗ, ಘಾಟಿಯ ಮೂರನೇ ತಿರುವಿನಲ್ಲಿ. ಅಷ್ಟರಲ್ಲಿ ನಮ್ಮ 40,000 ಮುಂಗಡ ಕೇಳುವುದಿಲ್ಲ ಎಂದು ಒಪ್ಪಿ, ಗಿರವಿ ಇಟ್ಟ ಚಿನ್ನ ಬಿಡಿಸಿಕೊಂಡ ಹಾಗೆ ಪಾಸ್‌ಪೋರ್ಟ್ ಬಿಡಿಸಿಕೊಂಡಿದ್ದೆವು. ಕೋಚ್ ಏನೂ ಅನ್ನಲಿಲ್ಲ. ಕಿಟಕಿ ಕಡೆ ತಿರುಗಿ ಕೂತರು. ವೀಸಾದಲ್ಲಿ ಒಂಬತ್ತು ದಿನ ಬಾಕಿ ಇತ್ತು. ಅದು ಮುಗಿದಿದ್ದರೆ ದಂಡ, ಹೊರಹೋಗಲು ಬೇರೆ ಅನುಮತಿ, ಮತ್ತೊಂದು ರಾಮಾಯಣ.

ಅದೇ ದಿನಗಳಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕ್ಕೋಡ್ ಕಡೆಯಿಂದ ಒಂದು ವಿಡಿಯೊ ಬಂತು. ಸೆವೆನ್ಸ್ ಪಂದ್ಯದಲ್ಲಿ ಜನ ಐವರಿ ಕೋಸ್ಟಿನ ಒಬ್ಬ ಆಟಗಾರನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದದ್ದು. ಬಣ್ಣ ಹಿಡಿದು ಬೈದರು ಎಂದು ಅವನು ಪೊಲೀಸರಿಗೆ ದೂರು ಕೊಟ್ಟಿದ್ದ. ನಮ್ಮ ಅಬಿಜಾನ್ ಹುಡುಗ ಅದನ್ನು ಎಷ್ಟು ಸಲ ನೋಡಿದನೋ. ಎರಡು ದಿನ ಅಂಗಡಿ ಬೀದಿಗೆ ಬರಲಿಲ್ಲ. "ನಮ್ಮೂರಲ್ಲಿ ಹಾಗಿಲ್ಲ" ಎಂದು ಹೇಳಲು ಹೋದೆ. ನಮ್ಮ ಗ್ಯಾಲರಿಯಲ್ಲಿ ಯಾರು ಯಾವಾಗ ಏನು ಕೂಗಿದ್ದರು ಎಂದು ನೆನಪಾಯಿತು. ಕಾಫಿ ಎಂದು ಕೂಗಿದ್ದು ಪ್ರೀತಿಗೆ. ಬೇರೆಯದನ್ನೂ ಕೂಗಿದ್ದರು, ಆಗ ನಾನೂ ಜೊತೆಗೆ ನಕ್ಕಿದ್ದೆ. ಮಾತು ಅಲ್ಲಿಗೇ ನಿಲ್ಲಿಸಿದೆ.

ಲೆಕ್ಕ ಮುಗಿಸುವಾಗ ಜಗಳ ಆಯಿತು. ಮೇವರೆಗೆ ಆಡಿಸುತ್ತೇವೆ ಎಂದು ಮಾತು ಕೊಟ್ಟಿದ್ದೆವು, ಕಡಿಮೆ ಎಂದರೂ ಎಂಟು ಪಂದ್ಯ ಬಾಕಿ. ಎಂಟರ ದುಡ್ಡನ್ನೂ ಕೊಡಬೇಕು ಎಂದೆ. ಆಡದ ಪಂದ್ಯಕ್ಕೆ ಯಾಕೆ ಎಂದರು ಕ್ಲಬ್ಬಿನ ಉಳಿದವರು. ಕೊನೆಗೆ ಐದಕ್ಕೆ ಒಪ್ಪಿದರು. ವಿಮಾನದ ಟಿಕೆಟ್ ಕ್ಲಬ್ಬಿನದು, ಅದರಲ್ಲಿ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಮೂರು ಪಂದ್ಯದ ವ್ಯತ್ಯಾಸ ಒಬ್ಬೊಬ್ಬರಿಗೆ 7,500. ಕೋಚ್ ಮತ್ತು ನಾನು ಹಂಚಿಕೊಂಡೆವು. ದೊಡ್ಡತನಕ್ಕಲ್ಲ. ಆ ಗಿರವಿ ವ್ಯಾಪಾರದ ನಾಚಿಕೆಗೆ.

ಹೋಗುವ ಹಿಂದಿನ ಸಂಜೆ ಹುಡುಗರೆಲ್ಲ ಸೇರಿ ಒಂದು ಆಟ ಇಟ್ಟುಕೊಂಡರು. ದುಡ್ಡಿಲ್ಲ, ಟಿಕೆಟ್ಟಿಲ್ಲ. ಇವರಿಬ್ಬರೂ ಎದುರುಬದುರು ತಂಡದಲ್ಲಿ. ಅರ್ಧ ಆಟಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಹದಿನೈದು ನಿಮಿಷ ಸರಿಯಾಗಿ ಹೊಡೆಯಿತು. ಬೆಳೆಗಾರರೆಲ್ಲ ಆಟ ಬಿಟ್ಟು ಆಕಾಶ ನೋಡಿ ನಗುತ್ತಾ ನಿಂತರು. ಘಾನಾದವನು ಮಾತ್ರ ಆಟ ನಿಲ್ಲಿಸಿ ಕಣದ ಕಡೆ ಕೈ ತೋರಿಸಿ ಏನೋ ಕೂಗಿದ. ಯಾರೂ ಟಾರ್ಪಾಲು ಹೊದಿಸಿರಲಿಲ್ಲ. ನಾಲ್ಕೈದು ಹುಡುಗರು ಬೂಟಿನಲ್ಲೇ ಓಡಿದರು.

ಮೈಸೂರು ಮೇಲಾಗಿ ಬೆಂಗಳೂರು, ಅಲ್ಲಿಂದ ಮುಂಬೈ, ಮುಂಬೈನಿಂದ ಅಡಿಸ್ ಅಬಾಬಾ. ಅಲ್ಲಿ ಒಬ್ಬ ಅಕ್ರಾಕ್ಕೆ, ಇನ್ನೊಬ್ಬ ಅಬಿಜಾನ್‌ಗೆ. ಬೆಂಗಳೂರು ಏರ್‌ಪೋರ್ಟಿನವರೆಗೆ ನಾನು ಹೋಗಿದ್ದೆ. ಒಂದು ಕೆಜಿ ಕಾಫಿ ಪುಡಿ ಕೊಟ್ಟೆ. ಅಬಿಜಾನ್‌ನವನು ಅನುವಾದ ಹಾಕದೆ ಕನ್ನಡದಲ್ಲೇ "ಬರ್ತೀನಿ" ಅಂದ. ಯಾರು ಕಲಿಸಿದರೋ. ನಾನು ಹೋಗಿ ಬನ್ನಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ.

ಮುಂದಿನ ಸೀಸನ್ನಿನಲ್ಲಿ ನಮ್ಮ ಏಳೂ ಜನ ನಮ್ಮೂರಿನ ಹುಡುಗರೇ. ಒಕ್ಕ ಎಲ್ಲಿದೆ ಎಂದು ಕೇಳಿದವನೇ ಕ್ಯಾಪ್ಟನ್. ಮೊದಲ ಸುತ್ತಿನಲ್ಲೇ 3–0 ಸೋತೆವು. ಗ್ಯಾಲರಿ ಅರ್ಧ ಖಾಲಿ. ಬೆಳೆಗಾರರು ಆ ವರ್ಷ ದುಡ್ಡು ಕೊಡಲಿಲ್ಲ, ಮುಖ ತಿರುಗಿಸುವ ಹಳೇ ಅಭ್ಯಾಸಕ್ಕೆ ವಾಪಸ್ ಹೋದರು. ಘಾನಾದವನು ಸ್ಕೋರ್ ಕೇಳಿ ಮೆಸೇಜ್ ಮಾಡಿದ. ಹೇಳಿದೆ. ನಗುವ ಮುಖ ಒಂದು, ಕಾಫಿ ಲೋಟ ಒಂದು ಕಳಿಸಿದ. ಅವನು ಈಗ ಅಪ್ಪನ ತೋಟದಲ್ಲಿದ್ದಾನೆ. ಆ ವರ್ಷ ಕೋಕೋಗೂ ಒಳ್ಳೆ ರೇಟು ಬಂದಿತ್ತಂತೆ.

ಲೆಕ್ಕದ ಪುಸ್ತಕದಲ್ಲಿ ಆ 40,000 ಇನ್ನೂ 'ಬರಬೇಕಾದದ್ದು' ಎಂಬ ಸಾಲಿನಲ್ಲೇ ಇದೆ. ಅದನ್ನು ಯಾವ ತಲೆಬರಹಕ್ಕೆ ಹಾಕುವುದು ಎಂದು ಪ್ರತಿ ಮಾರ್ಚಿನಲ್ಲೂ ಕೇಳುತ್ತೇನೆ, ಪ್ರತಿ ಮಾರ್ಚಿನಲ್ಲೂ ಅಧ್ಯಕ್ಷರು ಬೇರೆ ಮಾತು ಎತ್ತುತ್ತಾರೆ. ಉಳಿದ ದುಡ್ಡಿನಲ್ಲಿ ಕೋಚ್ ಹಟ ಹಿಡಿದು ಹತ್ತು ಹೊಸ ಬಾಲು ತರಿಸಿದರು. ಈಗ ಭಾನುವಾರ ನಲವತ್ತು ಮಕ್ಕಳು ಬರುತ್ತಾರೆ. ಹತ್ತರಲ್ಲಿ ನಾಲ್ಕು ಆಗಲೇ ಹೊಳೆ ಸೇರಿವೆ.